ಮುನ್ನೂರಾ ಇಪ್ಪತ್ತೇಳು

"ಮೂರನೇ ಮಹಡಿ, ಬಲಕ್ಕ ಹೊಳ್ಳು,
ಒಂದು ಟ್ಯೂಬ್‌ಲೈಟ್ ಕಣ್ಣು ಮಿಟುಕಸ್ತಿರ್ತದಲ್ಲ,
ಅದರ ಕೆಳಗ ಅದಾವ ನಿನ್ನ ದೇಶಗೋಳು"
ಅಂದ್ರು ಮಕ್ತುಂ ಕಾಕಾ.
ಕೌಂಟರ್ ಮ್ಯಾಲ ಅರ್ಧ ಕುಡಿದಿಟ್ಟ ಚಾ,
ಅಂಟಿನ ಡಬ್ಬಿ, ತಾರೀಖು ತಿರುವೋ ಶಿಕ್ಕಾ.

ನಾ ಕೇಳಿದ್ದು ಇಷ್ಟ:
ಎರಡು ದೊಡ್ಡ ದೇಶದ ನಡುವ ಸಿಕ್ಕೊಂಡು
ಬದುಕಿದ ಸಣ್ಣ ದೇಶಗಳ ಬಗ್ಗೆ ಏನರ ಐತೇನು?
ಗೈಡ್ ಮೇಡಂ ಹೇಳಿ ಕಳಿಸಿದ್ರು,
"ಮೂಲ ಆಕರ ಬೇಕು ಗಂಗಾಂಬಿಕಾ,
ನೆಟ್ಟಿನಾಗಿನ ನಾಕು ಹಾಳಿ ತಂದು ನನ್ನ ಮುಂದ ಇಡಬ್ಯಾಡ."
ಮೂಲ ಅಂದ್ರ ಒಪ್ಪಂದ, ಕಲಮು, ಷರಾ, ಸಹಿ.

ಮೊದಲು ಕಂಪ್ಯೂಟರಿಗೆ ಕೇಳಿದ್ದೆ.
ಒಂದೂ ಸಿಗಲಿಲ್ಲ ಅಂತು.
ನನ್ನ ಸ್ಪೆಲ್ಲಿಂಗ್ ಅದಕ್ಕ ಸೇರಲಿಲ್ಲ.

ಆಗ ಕಾಕಾ ಮೊಣಕಾಲು ಹಿಡಕೊಂಡು ಎದ್ದು
ಪಾವಟಿಗಿ ಕೆಳಗಿನ ಕಟ್ಟಿಗಿ ಕಪಾಟಿಗೆ ಕರಕೊಂಡು ಹೋದ್ರು.
ಉದ್ದುದ್ದನ್ನ ಖಾನೆ, ಹಿತ್ತಾಳಿ ಹಿಡಿಕಿ,
ಎಳೆದ್ರ ಒಂದು ಸತ್ತ ಜಿರಳಿ,
ಬೆರಳಿನ ಜಿಡ್ಡು ಕುಡಿದು ಕಂದಾದ ಚೀಟಿಗಳು.
ಯುಗೊಸ್ಲಾವಿಯಾ. ಯುಗೊಸ್ಲಾವಿಯಾ. ಯುಗೊಸ್ಲಾವಿಯಾ.
ಹದಿನೇಳು ಎಣಿಸಿದೆ.

"ಕಾಕಾ, ಈ ದೇಶ ಈಗಿಲ್ಲ."
"ಇಲ್ಲ? ಯಾವಾಗ ಹೋತು?"
ಬಾಜೂ ಓಣಿಯಾಗ ತೀರಿಕೊಂಡವರನ್ನ ಕೇಳಿದಂಗ ಕೇಳಿದ್ರು.
ಆಮ್ಯಾಲ ಖಾನೆ ಮೆತ್ತಗ ಒಳಗ ದೂಡಿ,
"ಆದ್ರೂ ಚೀಟಿ ತಗ್ಯಾಂಗಿಲ್ಲವಾ.
ಪುಸ್ತಕ ಐತಲ್ಲ ಇನ್ನೂ."

ಅವರಿಗೆ ಇಂಗ್ಲಿಷ್ ಬರಾಂಗಿಲ್ಲ. ಅಂಕಿ ಬರ್ತಾವ.
ಮುನ್ನೂರಾ ಇಪ್ಪತ್ತು ಅಂದ್ರ ರಾಜಕೀಯ,
ಮುನ್ನೂರಾ ಇಪ್ಪತ್ತೇಳು ದೇಶ ದೇಶದ ಬೀಗತನ,
ಮುನ್ನೂರಾ ನಾಲ್ವತ್ತೊಂದು ಬೀಗತನ ಕೆಟ್ಟಮ್ಯಾಲಿನ ಕಾಗದಪತ್ರ.
ಲಡಾಯಿ ಮುನ್ನೂರಾ ಐವತ್ತೈದು, ಅದು ಆ ಕಿಟಕಿ ಕಡೆ,
ಹೋಗಬ್ಯಾಡ, ಪಾರಿವಾಳ ಗೂಡು ಹಾಕ್ಯಾವ.

ಸಿಕ್ಕಿತು. ಬೆನ್ನು ಹರಿದ ನೀಲಿ ರಟ್ಟು.
ನಕಾಶೆ ಬಿಚ್ಚಿದ್ರ ನಮ್ಮ ದೇಶದ ನೆತ್ತಿ ಮ್ಯಾಲ
ನೇರಳಿ ಬಣ್ಣದ ಸರ್ಕಾರಿ ಶಿಕ್ಕಾ:
ಇಲ್ಲಿ ತೋರಿಸಿದ ಗಡಿ ಸರಿಯೂ ಅಲ್ಲ, ಅಧಿಕೃತವೂ ಅಲ್ಲ.
ಮಸಿ ಹಬ್ಬಿ ಹಬ್ಬಿ
ಎದುರಿನ ಪುಟದ ಸಮುದ್ರಕ್ಕ ಇಳಿದಿತ್ತು.

ಈ ವಿಷಯನ ಯಾಕ ಆರಿಸಿದಿ ಅಂತ ಮೇಡಂ ಕೇಳಿದಾಗ
"ಈ ಕ್ಷೇತ್ರದಲ್ಲಿ ಸಂಶೋಧನೆ ಕಡಿಮೆ ಆಗಿದೆ" ಅಂದಿದ್ದೆ.
ಶಿಗ್ಗಾಂವಿಯ ನಮ್ಮ ಪಡಸಾಲಿ ಹೇಳಲಿಲ್ಲ,
ಅದರ ನಡುವ ಎಳೆದ ಸುಣ್ಣದ ಗೆರಿ ಹೇಳಲಿಲ್ಲ.
ಆ ಕಡೆ ದೊಡ್ಡಪ್ಪ, ಈ ಕಡೆ ಅಪ್ಪ.
"ನಳ ಬಂತು ಅಂತ ಹೇಳವಾ ಅವಗ"
ಅಪ್ಪ ಒದರಿದ್ದು ಎರಡು ಮಾರು ದೂರದ ದೊಡ್ಡಪ್ಪಗ ಕೇಳಿರ್ತಿತ್ತು.
ಆದ್ರೂ ನಾ ಹೇಳೋತನಕ
ಅಂವ ಕೊಡ ಮುಟ್ಟತಿರಲಿಲ್ಲ.
ಆರು ವರ್ಷದಾಕಿ ನಾ,
ಗೆರಿ ಮ್ಯಾಲ ಬರಿಗಾಲಾಗ ನಿಂತು
ಎಲ್ಲಾ ಎರಡೆರಡು ಸಲ ಹೇಳತಿದ್ದೆ.
ಬೈಗುಳ ಮಾತ್ರ ನಡುವ ನುಂಗತಿದ್ದೆ.

ಪುಸ್ತಕದ ಹಿಂದ ಅಂಟಿಸಿದ ಹಾಳಿ.
ಕಡೀ ತಾರೀಖು, ನವೆಂಬರ್ ಹದಿನಾಲ್ಕು, ಎಂಬತ್ತೆಂಟು.
ನಾ ಇನ್ನೂ ಹುಟ್ಟಿರಲಿಲ್ಲ.
ಮೂರನೇ ಕಲಮು:
ಉಭಯ ಪಕ್ಷಗಳೂ ಪರಸ್ಪರ ವಿಶ್ವಾಸವಿಟ್ಟು...
ಅಂಚಿನಾಗ ಯಾರೋ ಪೆನ್ಸಿಲ್ಲಿಂದ, ಕನ್ನಡದಾಗ:
ಸುಳ್ಳು.
ಅದರ ಕೆಳಗ ಇನ್ನೊಬ್ಬರ ದುಂಡನ್ನ ಅಕ್ಷರ:
ಹಂಗಾದ್ರ ಸಹಿ ಯಾಕ ಮಾಡಿದ್ರು?

ಉತ್ತರ ಇರಲಿಲ್ಲ.
ಪುಟ ತಿರುವಿದೆ, ಮತ್ತ ಹಿಂದ ಬಂದೆ.
ಚೀಲದಾಗ ಕೈ ಹಾಕಿದ್ರ ಪೆನ್ಸಿಲ್ ತಾನಾಗೇ ಸಿಗಬೇಕ?

ಚಪ್ಪಲಿ ಸಪ್ಪಳ. ಅಂಗೈಯಿಂದ ಅಂಚು ಮುಚ್ಚಿದೆ.
ಕಾಕಾ ನೋಡಿದ್ರೋ ಇಲ್ಲೋ,
ಕಿಟಕಿ ಹಾಕ್ಕೋತ, ಪಾರಿವಾಳ ಓಡಿಸ್ಕೋತ ಅಂದ್ರು:
"ಐದೂವರಿಗೆ ಲೈಟ್ ತಗೀತೇನಿ.
ಬರಿಯೋದಿದ್ರ ಸಣ್ಣಗ ಬರಿ,
ಅಲ್ಲಿ ಜಾಗ ಕಡಿಮಿ ಐತಿ."

ಕೆಳಗ ಠಪ್ ಅಂತ ಶಿಕ್ಕಾ ಬಿತ್ತು,
ಎಂಬತ್ತೆಂಟರ ಕೆಳಗ ಹಸಿ ಮಸಿ.
ಹುಬ್ಬಳ್ಳಿಯ ಚಿಗರಿ ಬಸ್ಸಿನಾಗ ಕಂಬ ಹಿಡಕೊಂಡು ನಿಂತೇನಿ,
ನೀಲಿ ರಟ್ಟು ಎದಿಗೆ ಅವಚಿ.
ಇನ್ನೂ ಏನೂ ಬರದಿಲ್ಲ.
ಹದಿನಾಲ್ಕು ದಿನ ಐತಿ.