ಏನಿಲ್ಲ ಬಿಡಿ

ಫೌಂಡ್ರಿಯಲ್ಲಿ ಇಪ್ಪತ್ತೈದು ವರ್ಷ ತುಂಬಿದವರಿಗೆ
ಮುಂಚೆಲ್ಲ ಗೋಡೆ ಗಡಿಯಾರ ಕೊಡುತ್ತಿದ್ದರು.
ಈ ಸಲ ಹೊಸ ಮ್ಯಾನೇಜರು, ಹೊಸ ಯೋಚನೆ:
ಜೋಡಿಗೆ ಎರಡು ರಾತ್ರಿ, ಬೆಳಗಿನ ತಿಂಡಿ ಸೇರಿ,
ಸೊರಬದಾಚೆ ಒಂದು ಕೆರೆಯ ಮಗ್ಗುಲಲ್ಲಿ.
'ಗಡಿಯಾರವೇ ವಾಸಿಯಿತ್ತು' ಅಂದಿರಿ ನೀವು
ಶಿಕಾರಿಪುರ ದಾಟುವವರೆಗೆ ಮೂರು ಸಲ.
ಮೂರು ಸಲವೂ ಇಡೀ ಬಸ್ಸಿಗೆ ಕೇಳಿತು.

ಪಿತೃಪಕ್ಷ, ಬೇರೆ ಯಾರೂ ಬಂದಿರಲಿಲ್ಲ.
ರೈಸ್‌ಮಿಲ್ಲಿನ ಗೋದಾಮನ್ನು ಎರಡು ಕೋಣೆ ಮಾಡಿದ್ದಾಳೆ ಚೌಡಕ್ಕ.
ಗೋಡೆಗೆ ಸುಣ್ಣ, ಮಂಚಕ್ಕೆ ಹೊಸ ಸೊಳ್ಳೆಪರದೆ,
ಮೂಲೆಯಲ್ಲಿ ಇನ್ನೂ ತೌಡಿನ ವಾಸನೆ.
ದಪ್ಪ ಲೆಡ್ಜರಿನಲ್ಲಿ ಬರೆದುಕೊಂಡಳು:
ಹಾಲೇಶಪ್ಪ, ಸರ್ವಮಂಗಳ.
'ಏನು ನೋಡಾಕೆ ಬಂದ್ರಿ, ಹಕ್ಕಿನೋ, ನೀರೋ?'
ನೀವು ಕಿವಿಗೆ ಕೈಯಿಟ್ಟು ನನ್ನತ್ತ ತಿರುಗಿದಿರಿ, 'ಏನಂತೆ?'
ನಾನು ಎಂದಿನಂತೆ ಅಂದೆ,
'ಏನಿಲ್ಲ ಬಿಡಿ.'

ಎರಕದ ಮೈ ಉಜ್ಜುವ ಗ್ರೈಂಡರು
ಮೊದಲು ನಿಮ್ಮ ಬಲಗಿವಿಯ ಸಣ್ಣ ಸದ್ದುಗಳನ್ನು ತಿಂದಿತು,
ಒಗ್ಗರಣೆಯ ಚಟಪಟ, ಬಳೆ, ಹಾಲಿನವನ ಬೆಲ್ಲು,
ಆಮೇಲೆ ಎಡಗಿವಿಗೆ ಬಂತು.
ಮೊದಮೊದಲು ನಾನು ಎರಡು ಸಲ ಹೇಳುತ್ತಿದ್ದೆ,
ಆಮೇಲೆ ಒಂದೇ ಸಲ, ಗಟ್ಟಿಯಾಗಿ,
ಆಮೇಲೆ ಅಕ್ಕಪಕ್ಕದವರಿಗೆ ಯಾಕೆ ಅಂತ
ಮನೆಯ ಸುದ್ದಿಯನ್ನೆಲ್ಲ ಈ ಎರಡು ಪದದಲ್ಲಿ ಮಡಚಿಟ್ಟೆ.
ಗ್ಯಾಸ್ ಮುಗಿದದ್ದು. ತಂಗಿಗೆ ಮತ್ತೆ ಗರ್ಭ ನಿಲ್ಲದ್ದು.
ಎದೆಯಲ್ಲಿ ಗಂಟು ಅಂತ ವಾರವಿಡೀ ಒಬ್ಬಳೇ
ಮೆಗ್ಗಾನ್ ಆಸ್ಪತ್ರೆಗೆ ತಿರುಗಿದ್ದು,
ಕೊನೆಗೆ ಅದು ಏನೂ ಅಲ್ಲವೆಂದು ತಿಳಿದದ್ದು.
ಏನಿಲ್ಲ ಬಿಡಿ.

ಐದೂವರೆಗೆ ಚೌಡಕ್ಕ ಬಾಗಿಲು ಬಡಿದಳು.
ನೀವು ಏಳಲಿಲ್ಲ, ಭುಜ ಅಲುಗಿಸಿದೆ.
ಏರಿಯ ಮೇಲೆ ಇಬ್ಬನಿಗೆ ಚಪ್ಪಲಿ ಜಾರುತ್ತಿತ್ತು.
ನೀರಿನೊಳಗೇ ನಿಂತ ಮರಗಳು,
ಮರದ ತುಂಬ ಬಿಳಿ ಕೆಂಬರಲು,
ಹತ್ತಿ ಲಾರಿ ಹೋದ ದಾರಿಯ ಬೇಲಿಗೆ ಸಿಕ್ಕ ಅರಳೆಯ ಹಾಗೆ.
ಮತ್ತೆ ಆ ಗದ್ದಲ!
ಮರಿಗಳ ರಂಪ, ರೆಕ್ಕೆ ಬಡಿತ, ಹಿಕ್ಕೆ ನೀರಿಗೆ ಬೀಳುವ ಪಟಪಟ,
ಜೊಂಡಿನೊಳಗೆ ಯಾರೋ ಹಳೇ ಬಾಗಿಲು ತೆರೆದಂತೆ ಒಂದು ಕೂಗು.
ನೀವು ಮಾತ್ರ ಆ ಸಂತೆಯ ನಡುವೆ
ಫೋಟೋದೊಳಗೆ ನಿಂತವರಂತೆ ನಿಂತಿದ್ದಿರಿ.

ಆದರೆ ಕಣ್ಣು,
ಎರಕದಲ್ಲಿ ಕೂದಲೆಳೆಯ ಬಿರುಕು ಹಿಡಿಯುವ ಕಣ್ಣು!
ನನಗೆ ಬರೀ ತಾವರೆ ಎಲೆ ಕಂಡಲ್ಲಿ
ನನ್ನ ಗದ್ದ ಹಿಡಿದು ತಿರುಗಿಸಿ 'ಅಲ್ಲಿ' ಅಂದಿರಿ.
ಅಷ್ಟು ಮೆಲ್ಲಗೆ ನೀವು ಮಾತಾಡಿ ಎಷ್ಟು ಕಾಲವಾಗಿತ್ತು.
ಉದ್ದ ಬೆರಳಿನ ದೇವನಕ್ಕಿ, ಎಲೆ ಮುಳುಗದಂತೆ
ಒಂದೊಂದೇ ಹೆಜ್ಜೆ. ಹಿಂದೆ ಮೂರು ಮರಿ.
'ಅದು ಅಪ್ಪ' ಅಂದಳು ಚೌಡಕ್ಕ ಬೆನ್ನ ಹಿಂದಿಂದ,
'ಮೊಟ್ಟೆ ಇಟ್ಟು ಅವ್ವ ಹೋಗ್ತಾಳೆ. ಕಾವು ಕೂರೋದು ಇವನೇ.'

'ಏನಂತೆ?'

ತುದಿನಾಲಿಗೆಗೆ ಬಂದಿತ್ತು ನನ್ನ ಹಳೇ ಮಾತು.
ನುಂಗಿ, ನಿಮ್ಮ ಅಂಗೈ ಎಳೆದುಕೊಂಡು
ಬೆರಳಿಂದ ಬರೆದೆ: ಅಪ್ಪ.
ತಿಳಿಯಲಿಲ್ಲ. ಸುಟ್ಟ ಕಲೆ, ಜಡ್ಡು,
ಆ ಕೈಗೆ ಕಚಗುಳಿಯೂ ಹತ್ತುವುದಿಲ್ಲ.
ಮಣಿಕಟ್ಟಿನ ಒಳಮೈಯಲ್ಲಿ ಬರೆದೆ,
ಅಲ್ಲಿ ಚರ್ಮ ಇನ್ನೂ ಮದುವೆಯ ವರ್ಷದ್ದು.
ನಕ್ಕಿರಿ.
ಆಮೇಲೆ ಬಿಸಿಲು ಬರುವವರೆಗೆ ಅದೇ ಕೆಲಸ:
ಜೊಂಡಿನ ಕೂಗಿಗೆ ಒಂದು ಉದ್ದ ಗೀರು,
ಗುಳುಮುಳುಕನಿಗೆ ಸರಸರ ಚುಕ್ಕಿ,
ಕೆಂಬರಲಿಗೆ ಉಗುರಿನಿಂದ ಒಂದು ಗೊಣಗು.

ತಿಂಡಿಗೆ ಕೊಟ್ಟೆ ಕಡುಬು.
ನಾನು ನಿಮ್ಮ ಎಡಕ್ಕೆ ಬಂದು ಕೂತೆ,
ಆ ಕಡೆ ಇನ್ನೂ ಸ್ವಲ್ಪ ಉಳಿದಿದೆ.
'ಹೋದ ಮಾಘದಲ್ಲಿ' ಅಂದೆ, 'ನನಗೊಂದು ಗಂಟು...'
'ಏನು?'
ಮತ್ತೆ ಹೇಳಿದೆ.
'ಏನು?'
ಚೌಡಕ್ಕನಿಗೂ ಅವಳ ನಾಯಿಗೂ ಕೇಳುವ ಹಾಗೆ
ಮೊದಲಿಂದ ಹೇಳಿದೆ.

ಕಡುಬು ನಿಮ್ಮ ಕೈಯಲ್ಲಿ ಹಾಗೇ ನಿಂತಿತ್ತು.
ಜೋನಿಬೆಲ್ಲ ಬೆರಳು ದಾಟಿ, ಅಂಗೈ ದಾಟಿ,
ನಾನು ಬರೆದ ಜಾಗಕ್ಕೆ ಇಳಿಯುತ್ತಿತ್ತು.