ಚೆಂಡಿನ ಮೇಲೊಂದು ಬೆರಳು

ಹತ್ತು ಗಂಟೆಯ ಕಾಫಿಗೆ ಕೈಗವಸು ಕಳಚಿದಾಗ
ಎಲ್ಲರ ಕೈಗೂ ಒಂದೇ ವಾಸನೆ, ಸಾಲ್ಮನ್ ಮೀನಿನದು.
ಕಿಟಕಿಯಾಚೆ ಫ್ಯಾರೋ ದ್ವೀಪದ ಸಮುದ್ರ
ಅಡ್ಡಡ್ಡ ಹಾರುತ್ತಿದೆ.
ಇಲ್ಲಿ ಮಳೆ ಮೇಲಿನಿಂದ ಬೀಳುವುದು ಅಪರೂಪ,
ಸಾಲ ಕೇಳಲು ಬಂದ ನೆರೆಯವರಂತೆ
ಪಕ್ಕದಿಂದ ಬರುತ್ತದೆ.

ಮಾತು ತೆಗೆದವನು ಹೋಗ್ನಿ.
ಹಗಲು ಪೆಟ್ಟಿಗೆ ಎತ್ತುವ ಗಾಡಿ, ಸಂಜೆ ನಮ್ಮ ತಂಡದ ಕೋಚು.
"ಫುಟ್‌ಬಾಲಿನಷ್ಟು ಮೈ ಬೇಡುವ ಆಟ ಇನ್ನೊಂದಿಲ್ಲ.
ತೊಂಬತ್ತು ನಿಮಿಷ ಓಡು, ಓಡುತ್ತಲೇ ಯೋಚಿಸು,
ಯೋಚಿಸುತ್ತಲೇ ಚೆಂಡನ್ನು ಹಿಡಿ,
ಹಿಡಿಯಲಿಕ್ಕೆಂದು ದೇವರು ಕೊಡದ ಅಂಗದಿಂದ.
ಕಾಲಲ್ಲಿ ಒಮ್ಮೆ ರುಜು ಹಾಕಿ ನೋಡಿ, ಗೊತ್ತಾಗುತ್ತೆ."

ಟ್ರೊಂಡುರ್ ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟ,
ಕೋರ್ಟಿನಲ್ಲಿ ಪುರಾವೆ ಇಟ್ಟಂತೆ.
ನಲವತ್ತು ಬೇಸಿಗೆ ಪಂದ್ಯದ ದೋಣಿಗೆ ಹುಟ್ಟು ಹಾಕಿದ ಅಂಗೈ,
ರೇಖೆಗಳೆಲ್ಲ ಸವೆದು ಯಾವ ಜ್ಯೋತಿಷಿಗೂ ಸಿಕ್ಕದ್ದು.
"ನಿಮ್ಮವನಿಗೆ ಸುಸ್ತಾದರೆ ಬದಲಿ ಬರುತ್ತಾನೆ.
ಮುಟ್ಟಿದರೆ ಸಾಕು, ಮೊಣಕಾಲು ಹಿಡಿದು ಉರುಳಾಡುತ್ತಾನೆ.
ದೋಣಿಯಲ್ಲಿ ಉರುಳಾಡಲಿ, ನೋಡೋಣ."

ಹ್ಯಾಂಡ್‌ಬಾಲಿನ ಸುನ್ವೋರ್ ಬಿಸ್ಕತ್ತು ಅದ್ದುತ್ತಾ ಅಂದಳು:
"ಎರಡೂ ಕಾಲು ನೆಲದಲ್ಲಿಲ್ಲ, ಹಿಂದಿನವಳು ಅಂಗಿ ಜಗ್ಗುತ್ತಿದ್ದಾಳೆ,
ಆಗ ಗಾಳಿಯಲ್ಲೇ ಮನಸ್ಸು ಬದಲಾಯಿಸಬೇಕು.
ನಿಮ್ಮಿಬ್ಬರಿಗೂ ನೆಲದ ಮೇಲೇ ಆಗುವುದಿಲ್ಲ ಅದು."

ನಮ್ಮ ಗುಡ್ಡದಲ್ಲೂ ಮೊಲಗಳಿವೆ.
ಆ ಬೆಳಿಗ್ಗೆ ಮೇಜಿನ ಸುತ್ತ ಮೂರು ಮೊಲ,
ಒಂದೊಂದಕ್ಕೂ ಮೂರೇ ಕಾಲು.

ಮೂಲೆಯಲ್ಲಿ ಚೂರಿ ಮಸೆಯುತ್ತಿದ್ದ ಮುದುಕ ಮಿಚ್ಚಲ್‌ನನ್ನು
ಯಾರೋ ಕೇಳಿದರು, ನೀನು ಹೇಳು ಎಂದು.
ಹರೆಯದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿ
ಕಡಲಬಂಡೆಯ ಗೂಡುಗಳಿಗೆ ಇಳಿಯುತ್ತಿದ್ದವನು.
ಅಲಗನ್ನು ಬೆಳಕಿಗೆ ಹಿಡಿದು ನೋಡಿದ, ಮತ್ತೆ ಮಸೆದ.
"ಮೇಲೆ ಹಗ್ಗ ಹಿಡಿದವರು ಆರು ಜನ.
ಅವರಲ್ಲಿ ಯಾರು ಗಟ್ಟಿಗರು ಅಂತ
ನೇತಾಡುವಾಗ ನಾನು ಲೆಕ್ಕ ಹಾಕಲಿಲ್ಲ."
ಗಂಟೆ ಬಾರಿಸಿತು. ಕಾಫಿ ಅರ್ಧಕ್ಕೇ ನಿಂತಿತು.

ಭಾನುವಾರ ಪಂದ್ಯ. ನಾನು ಯಾವಾಗಲೂ ಹಿಂದಿನ ಸಾಲಿನವಳು,
ಓಟದಲ್ಲಿ ಸಾಧಾರಣ, ಒದೆಯುವುದರಲ್ಲಿ ಅದಕ್ಕೂ ಕಡಿಮೆ.
ಎಂಬತ್ತನೆಯ ನಿಮಿಷಕ್ಕೆ ನಮಗೆ ಪೆನಾಲ್ಟಿ.
ಮಾರ್ಯುನ್ ಚೆಂಡಿಟ್ಟಳು, ಚೆಂಡು ಉರುಳಿತು.
ಮತ್ತೆ ಇಟ್ಟಳು, ಮತ್ತೆ ಉರುಳಿತು,
ಅಟ್ಲಾಂಟಿಕ್ ಅದನ್ನು ತನ್ನದೆಂದುಕೊಂಡಿತ್ತು.
ಬದಿಯಿಂದ ಹೋಗ್ನಿ ಕೂಗಿದ: "ಐವೋರ್, ಹೋಗಿ ಮಲಗು!"

ಮಲಗಿದೆ. ಒದ್ದೆ ಪ್ಲಾಸ್ಟಿಕ್ ಹುಲ್ಲಿಗೆ ಹೊಟ್ಟೆ ಹಚ್ಚಿ
ತೋಳು ಚಾಚಿ, ತೋರುಬೆರಳು ಚೆಂಡಿನ ನೆತ್ತಿಗೆ.
ನಡುಗುತ್ತಿತ್ತು ಅದು, ಗೂಡಿಂದ ಬಿದ್ದ ಮರಿಯ ಹಾಗೆ.
ಜೋರಾಗಿ ಒತ್ತಬಾರದು, ಹಗುರಾಗಿ ಬಿಡಬಾರದು.
ನೆಲಕ್ಕೆ ಕಿವಿಯಿತ್ತು, ಅವಳ ಹೆಜ್ಜೆ
ಕಣ್ಣಿಗಿಂತ ಮೊದಲು ಕಿವಿಗೇ ಬಂತು:
ದೂರ, ಹತ್ತಿರ, ಇನ್ನೂ ಹತ್ತಿರ.
ಬೇಗ ತೆಗೆದರೆ ಗಾಳಿ ಒದೆಯುತ್ತದೆ,
ತಡವಾದರೆ ಮಾರ್ಯುನ್.

ಗೋಲೋ ಅಲ್ಲವೋ ನಾನು ಕಾಣಲಿಲ್ಲ,
ಬಾಯಿ ತುಂಬ ಹುಲ್ಲಿನ ರಬ್ಬರು ಪುಡಿ.
ಕೂಗೊಂದು ಕೇಳಿತು, ಗಾಳಿ ಅದನ್ನು
ಯಾರ ಕಡೆಯಿಂದ ಹೊತ್ತು ತಂದಿತೋ.

ಸೋಮವಾರ ಬೆರಳು ಬದನೆಕಾಯಿಯ ಬಣ್ಣ.
ಕೈಗವಸಿನೊಳಗೆ ಅದನ್ನು ಒಪ್ಪಿಸಿ ಇಳಿಸಲು
ನನಗೆ ಎರಡು ನಿಮಿಷ ಹಿಡಿಯಿತು.
ಹೋಗ್ನಿ ಆಗಲೇ ಶುರುಮಾಡಿದ್ದ,
ಸಕ್ಕರೆ ಡಬ್ಬಿಯನ್ನು ಗೋಲ್‌ಕಂಬದಂತೆ ನಿಲ್ಲಿಸಿ:
"ಹಾಗಲ್ಲ ಟ್ರೊಂಡುರ್, ಬರೀ ಶ್ವಾಸಕೋಶವನ್ನೇ ತೆಗೆದುಕೋ..."