ಅರ್ತ್

ಶೂಲೆ ಸರ್ಕಲ್ ಸಿಗ್ನಲ್ಲಲ್ಲಿ ಬ್ರೇಕ್ ತುಳಿದೆ,
ಗಾಡಿಯ ಉಸಿರೇ ನಿಂತಿತು.
ಎಡಕ್ಕೆ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟು ಕಣ್ಣು ಮುಚ್ಚುತ್ತದೆ,
ಹಾರ್ನ್ ಒತ್ತಿದರೆ ನೆಗಡಿಯಾದ ಎಮ್ಮೆಯ ಹಾಗೆ ಒಂದು ಸದ್ದು,
ಆಮೇಲೆ ಅದೂ ಇಲ್ಲ.
ಬೈಸಿಕೊಳ್ಳುತ್ತಾ ಆನೇಪಾಳ್ಯದವರೆಗೆ ತಳ್ಳಿದೆ.

ಗೋರಿಗಳ ಕಾಂಪೌಂಡಿಗೆ ಒರಗಿದ ತಗಡಿನ ಶೆಡ್ಡು.
ದೇವಸಹಾಯಂ ಸೀಟು ಎತ್ತಿ ಸುಮ್ಮನೆ ನೋಡಿದರು,
ಬೇರೆಯವರ ಮನೆ ಜಗಳಕ್ಕೆ ಕರೆಸಿಕೊಂಡ ಹಿರಿಯರ ಹಾಗೆ.

ಮೊದಲ ಅನುಮಾನ ಬ್ಯಾಟರಿಯ ಮೇಲೆ.
ಮುಳ್ಳು ಆರು ದಾಟಿ ನಿಂತಿತು, ಅದು ನಿರಪರಾಧಿ.
ಕಾಯಿಲ್, ಕಂಡೆನ್ಸರ್, ರೆಗ್ಯುಲೇಟರ್
ಹೋದ ತಿಂಗಳೇ ಬೇರೆ ಕಡೆ ಬದಲಾಯಿಸಿದ್ದೆ.
ಹಳೆಯವು ಗುಜರಿಗೆ ಹೋದವು,
ಅವುಗಳದ್ದೂ ತಪ್ಪಿರಲಿಲ್ಲವೇನೋ ಪಾಪ.

ಟೇಪು ಬಿಚ್ಚುತ್ತಾ ಹೋದರು.
ನನಗಿಂತ ಮುಂಚಿನವನೊಬ್ಬ ಗಾಯದ ಪ್ಲಾಸ್ಟರು ಸುತ್ತಿದ್ದಾನೆ,
ಅವನಿಗೂ ಮುಂಚಿನವನು ಫ್ಯೂಸಿನ ಜಾಗದಲ್ಲಿ
ಸಿಗರೇಟಿನ ಬೆಳ್ಳಿ ಕಾಗದ ಮಡಿಸಿಟ್ಟು ಮನೆ ಸೇರಿದ್ದಾನೆ.
ಕೆಂಪಾಗಿ ಒಳಹೊಕ್ಕ ವೈರು
ಒಂದು ಗೇಣು ಕತ್ತಲೆ ದಾಟಿ ಹಸಿರಾಗಿ ಹೊರಬಂದಿದೆ.

“ಅರ್ತ್ ಆಗ್ತಾ ಇಲ್ಲ ಮೇಡಂ.”
“ನಂಗೂ ಅರ್ಥ ಆಗ್ತಾ ಇಲ್ಲ.”
“ಅದೇ ಹೇಳಿದ್ದು.”

ಲಗ್ನಪತ್ರಿಕೆಗಳ ಪ್ರೂಫ್ ತಿದ್ದುವವಳು ನಾನು.
ವಧುವಿನ ಮಹಾಪ್ರಾಣ ಜಾರಿ ಬಿದ್ದರೆ
ಹಿಡಿದು ತಂದು ಕೂರಿಸುವುದು ನನ್ನ ಅನ್ನ.
ಅವರ ಬಾಯಲ್ಲಿ ಜಾರಿದ್ದನ್ನೂ ಮನಸ್ಸಿನಲ್ಲೇ ತಿದ್ದಿಬಿಟ್ಟೆ.
ತಿದ್ದಬಾರದಿತ್ತು.

ಮುನೀರ, ಅವರ ಹುಡುಗ, ಒಂದು ಉದ್ದ ವೈರು ತಂದು
ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ನಿಗೆ ಹಿಡಿದ.
ದೀಪ ಹತ್ತಿತು. ತೆಗೆದ, ಆರಿತು. ಹಿಡಿದ, ಹತ್ತಿತು.
ಮೂರನೇ ಸಲ ಬರೀ ಖುಷಿಗೆ.

“ಚಾಸಿಸ್ಸಿಗೆ ಬಣ್ಣ ಯಾವಾಗ ಹೊಡೆಸಿದ್ರಿ?”
“ಆಯುಧಪೂಜೆಗೆ,” ಅಂದೆ. ಹೇಳುವಾಗ ಹೆಮ್ಮೆಯೂ ಇತ್ತು.
ಎರಡು ಕೋಟು ಕರಿ, ಮೇಲೆ ಲ್ಯಾಕರು,
ಒಂದು ಬೋಲ್ಟಿನ ಬುಡವನ್ನೂ ಬಿಡದ ಹಾಗೆ
ನಿಂತು ಹೊಡೆಸಿದ್ದೆ.

ದೇವಸಹಾಯಂ ಮುರಿದ ಬ್ಲೇಡು ತೆಗೆದುಕೊಂಡು
ಅದೇ ಬೋಲ್ಟಿನ ಬುಡ ಕೆರೆದರು.
ನನ್ನ ಹಲ್ಲು ಜುಮ್ಮೆಂದಿತು.
ಎಂಟಾಣೆಯಷ್ಟಗಲ ಬರಿಯ ಕಬ್ಬಿಣ,
ಕಾರ್ಖಾನೆ ಬಿಟ್ಟ ಮೇಲೆ ಅಪರೂಪಕ್ಕೆ ಗಾಳಿ ಕಂಡದ್ದು,
ಅಕ್ಕಿ ತೊಳೆದ ನೀರಿನ ಬಣ್ಣ.
ವೈರಿನ ಉಂಗುರ ಕೂರಿಸಿ, ಬಿಗಿದು, ಗ್ರೀಸು ಮೆತ್ತಿದರು.

ಕಿಕ್.
ಗೋರಿಗೋಡೆಯ ಮೇಲೆ ತಟ್ಟೆಯಗಲ ಹಳದಿ ಬೆಳಕು ಬಿತ್ತು.
ಮುನೀರ ಹಾರ್ನ್ ಒತ್ತಿದ, ಎಮ್ಮೆಯ ನೆಗಡಿ ವಾಸಿಯಾಗಿತ್ತು.
ಅಲ್ಪಪ್ರಾಣವೇ ಸಾಕಾಯಿತು.

ಎಂಬತ್ತು ರೂಪಾಯಿ, ಗಾಜಿನ ಹೊಸ ಫ್ಯೂಸಿಗೆ ಇನ್ನು ಹತ್ತು.
“ಇದು ಬೇಕಾ?” ಎಂದು ಬೆಳ್ಳಿ ಕಾಗದ ಅಂಗೈಗಿಟ್ಟರು.
ಸಿಗ್ನಲ್ಲಲ್ಲಿ ಮಡಿಕೆ ಬಿಚ್ಚಿ ನೋಡಿದೆ.
ಎಂಜಿನ್ ಬಡಿಯುತ್ತಲೇ ಇತ್ತು.
ನಟ್ಟನಡುವೆ ಸುಟ್ಟ ಒಂದು ಸಣ್ಣ ಸೊನ್ನೆ.
ಯಾವ ರಾತ್ರಿಯೋ, ಯಾರೋ,
ಎಲ್ಲಿಗೋ ತಲುಪಲೇಬೇಕಿತ್ತು.